ಕಾಲು ಬಂದ ಚೀಲ

ನಾನು ಚಿಕ್ಕವನಾಗಿದ್ದಾಗ ನಮ್ಮೂರಿನಲ್ಲಿ ಇದ್ದದ್ದು ಒಂದೇ ಒಂದು ಹಿಟ್ಟಿನ ಗಿರಣಿ. ವಾರಕ್ಕೆ ಎರಡು ಸಲ ರಾಗಿಯ ಡಬ್ಬವನ್ನು ತಲೆಯ ಮೇಲೆ ಹೊತ್ತು ಅಲ್ಲಿಗೆ ಹೋಗುವ ಕೆಲಸ ನನ್ನ ಪಾಲಿನದು. ಅಲ್ಲಿ ಮನುಷ್ಯರು ಸಾಲಾಗಿ ನಿಲ್ಲುತ್ತಿರಲಿಲ್ಲ, ಡಬ್ಬಗಳು ನಿಲ್ಲುತ್ತಿದ್ದುವು. ಬಂದವರು ತಮ್ಮ ಡಬ್ಬವನ್ನೋ ಚೀಲವನ್ನೋ ಸಾಲಿನ ಕೊನೆಯಲ್ಲಿಟ್ಟು, ಗಿರಣಿಯ ಸಾಬರಿಗೆ ಒಂದು ಮಾತು ಹೇಳಿ, ತಮ್ಮ ಪಾಡಿಗೆ ತಾವು ಹೊರಟುಹೋಗುವುದು ವಾಡಿಕೆ. ಹೊತ್ತು ಮುಳುಗುವ ವೇಳೆಗೆ ಬಂದು ನೋಡಿದರೆ ಹಿಟ್ಟು ಸಿದ್ಧವಾಗಿರುತ್ತಿತ್ತು.

ಸಾಬರು ಓದು ಬರಹ ಬಲ್ಲವರಲ್ಲ. ಆದರೆ ಸಾಲನ್ನು ನಡೆಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗಿರಣಿಯಲ್ಲಿ ಎರಡು ಯಂತ್ರಗಳಿದ್ದುವು. ಮದುವೆ ಮನೆಯವರದು ದೊಡ್ಡ ಕೆಲಸ. ಎರಡು ಯಂತ್ರಗಳೂ ಒಟ್ಟಿಗೆ ಬಿಡುವಾದರಲ್ಲದೆ ಅದನ್ನು ತೊಡಗುವಂತಿಲ್ಲ. ಒಂದು ಯಂತ್ರ ಬಿಡುವಾಗಿದೆ, ಇನ್ನೊಂದರ ಕೆಲಸ ಮುಗಿಯಲು ಅರ್ಧ ಗಂಟೆ ಇದೆಯೆನ್ನಿ. ಆ ಅರ್ಧ ಗಂಟೆ ಯಂತ್ರವನ್ನು ಸುಮ್ಮನೆ ನಿಲ್ಲಿಸಲು ಸಾಬರಿಗೆ ಮನಸ್ಸು ಬಾರದು. ಸಾಲಿನುದ್ದಕ್ಕೂ ಕಣ್ಣಾಡಿಸಿ, ಕಾಲು ಗಂಟೆಯಲ್ಲಿ ಮುಗಿಯುವ ಯಾವುದಾದರೂ ಸಣ್ಣ ಡಬ್ಬವನ್ನು ಎತ್ತಿಕೊಂಡು ಬೀಸಿಬಿಡುವರು. ದೊಡ್ಡ ಕೆಲಸ ಒಂದು ನಿಮಿಷವೂ ತಡವಾಗದು. ಚಿಕ್ಕ ಕೆಲಸ ಆಗಿಹೋಗುವುದು. ನನ್ನ ಡಬ್ಬ ಎಷ್ಟೋ ಸಲ ಹೀಗೆ ಮುಂಚಿತವಾಗಿಯೇ ಮನೆ ಸೇರಿದೆ.

ಒಂದು ದಿನ ಮಾತ್ರ ಬೇರೆಯಾಯಿತು. ನಾನು ಡಬ್ಬದ ಪಕ್ಕದಲ್ಲಿಯೇ ಕುಳಿತಿದ್ದೆ. ಊರಿನ ದೊಡ್ಡ ಮನೆಯ ಆಳು ಒಂದು ಚೀಲವನ್ನು ಹೊತ್ತು ತಂದವನು, ಸಾಲಿನ ಕೊನೆಯ ಕಡೆ ತಿರುಗಿಯೂ ನೋಡದೆ, ಅದನ್ನು ನೆಟ್ಟಗೆ ಎಲ್ಲಕ್ಕಿಂತ ಮುಂದಿಟ್ಟು ಹೋದ. ಸಾಬರು ಒಮ್ಮೆ ಚೀಲವನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಏನೂ ಹೇಳದೆ ಚೀಲದ ಬಾಯಿ ಬಿಚ್ಚಿದರು. ಅಂದು ರಾತ್ರಿ ನಮ್ಮ ಮನೆಯಲ್ಲಿ ಮುದ್ದೆಯಾಗಲಿಲ್ಲ. ಅಳುತ್ತ ಬಂದ ನನಗೆ ಅವ್ವ ಹೇಳಿದ್ದು ಇಷ್ಟೆ: "ದೊಡ್ಡೋರ ಚೀಲಕ್ಕೆ ಕಾಲಿರ್ತವೆ ಕಣ್ಮಗ. ಅದು ನಡ್ಕೊಂಡು ಮುಂದಕ್ಕೋಯ್ತದೆ."

ನಲವತ್ತು ವರ್ಷಗಳಿಗೂ ಮಿಗಿಲಾದ ಕಾಲದ ಮೇಲೆ ಆ ಮಾತು ನನಗೆ ಮತ್ತೆ ನೆನಪಾಯಿತು. ಅದು ನೆನಪಾದ ಸಂದರ್ಭ ಯಾವುದೆಂದು ಹೇಳುವುದಕ್ಕಾಗಿಯೇ ಈ ಬರಹ.

ನಾನೀಗ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಪಾಠ ಹೇಳುವುದರ ಜೊತೆಗೆ ನನ್ನ ಕೊರಳಿಗೆ ಬಿದ್ದಿರುವ ಇನ್ನೊಂದು ಹೊಣೆಯೆಂದರೆ ಕಾಲೇಜಿನ ಕ್ಲಸ್ಟರಿನದು. ಕ್ಲಸ್ಟರ್ ಎಂದರೆ ಗಣಕಯಂತ್ರಗಳ ಗೊಂಚಲು. ಒಂದು ಗಣಕ ವರ್ಷವಿಡೀ ತಿಣುಕಿದರೂ ಮುಗಿಯದ ಲೆಕ್ಕವನ್ನು ಹತ್ತಾರು ಗಣಕಗಳಿಗೆ ಹಂಚಿ ಕೆಲವೇ ದಿನಗಳಲ್ಲಿ ಮಾಡಿಸುವ ಉಪಾಯವದು. ೧೯೯೪ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಎಂಬ ಇಬ್ಬರು, ಅಂಗಡಿಯಲ್ಲಿ ದೊರೆಯುವಂಥ ಸಾಮಾನ್ಯ ಗಣಕಗಳನ್ನೇ ಹದಿನಾರು ಕೂಡಿಸಿ, ತಂತಿಗಳಿಂದ ಹೆಣೆದು, ಅವುಗಳಿಂದ ದೊಡ್ಡ ಗಣಕದ ಕೆಲಸವನ್ನು ಮಾಡಿಸಿ ತೋರಿಸಿದರು. ಅದಕ್ಕೆ ಬೇವುಲ್ಫ್ ಎಂದು ಹೆಸರು. ನಮ್ಮ ದೇಶದಲ್ಲಿ ಅದಕ್ಕೂ ಮುಂಚೆ, ೧೯೯೧ರಲ್ಲಿಯೇ, ಪುಣೆಯ ಸಿ-ಡ್ಯಾಕ್ ಸಂಸ್ಥೆಯವರು ಪರಮ್ ೮೦೦೦ ಎಂಬ ಮಹಾಗಣಕವನ್ನು ಕಟ್ಟಿದ್ದರು. ೨೦೨೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗದ ಶಕ್ತಿ ಸೆಕೆಂಡಿಗೆ ಮೂರು ಸಾವಿರದ ಮುನ್ನೂರು ಲಕ್ಷ ಕೋಟಿ ಲೆಕ್ಕಗಳಷ್ಟು. ನಮ್ಮದು ಆ ಆನೆಯ ಮುಂದೆ ಇರುವೆ. ಆದರೆ ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆಯಿದೆಯಷ್ಟೆ!

ನಮ್ಮ ಗೊಂಚಲಿನಲ್ಲಿ ಮೊದಲು ಇದ್ದುದು ಇಪ್ಪತ್ತು ಗಣಕಗಳು. ಅವುಗಳಲ್ಲಿ ನಡೆಯುತ್ತಿದ್ದ ಸೆಂಟ್‌ಒಎಸ್ ೭ ಎಂಬ ಕಾರ್ಯವ್ಯವಸ್ಥೆಗೆ ೨೦೨೪ರ ಜೂನ್ ೩೦ಕ್ಕೆ ಆಯುಸ್ಸು ತೀರಿತು. ಅಲ್ಲಿಂದ ಮುಂದೆ ಅದರ ಲೋಪಗಳಿಗೆ ತೇಪೆ ಹಾಕುವವರಿಲ್ಲ. ಅದೇ ಸಮಯಕ್ಕೆ ಹನ್ನೆರಡು ಹೊಸ ಗಣಕಗಳನ್ನು ಕೊಳ್ಳಲು ಹಣವೂ ಮಂಜೂರಾಗಿತ್ತು. ಹಳೆಯವಕ್ಕೆ ಹೊಸ ವ್ಯವಸ್ಥೆ, ಹೊಸವನ್ನು ಅವುಗಳೊಡನೆ ಜೋಡಿಸುವುದು, ಎಲ್ಲವನ್ನೂ ಒಂದೇ ಆಡಳಿತಕ್ಕೆ ತರುವುದು: ಇಷ್ಟು ಕೆಲಸ. "ಜುಲೈ ೧ರಿಂದ ಹದಿನೈದು ದಿನ ಕ್ಲಸ್ಟರ್ ಮುಚ್ಚಿರುತ್ತದೆ" ಎಂದು ಧೈರ್ಯವಾಗಿ ಸೂಚನೆ ಹಾಕಿದೆ. ಮನೆ ಕಟ್ಟಿಸುವವನು, ಕ್ಲಸ್ಟರ್ ಕಟ್ಟುವವನು, ಇವರಿಬ್ಬರೂ ಹೇಳಿದ ದಿನಕ್ಕೆ ಮುಗಿಸಿದ್ದುಂಟೆ?

ಯಂತ್ರಗಳಿದ್ದ ಮಾತ್ರಕ್ಕೆ ಗಿರಣಿಯಾಗದು, ಸಾಬರು ಬೇಕು. ಗಣಕಗಳ ಗೊಂಚಲಿನಲ್ಲಿ ಸಾಬರ ಕೆಲಸವನ್ನು ಮಾಡುವುದೂ ಒಂದು ತಂತ್ರಾಂಶವೇ. ನಾವು ಈ ಸಲ ಆರಿಸಿಕೊಂಡದ್ದಕ್ಕೆ ಸ್ಲರ್ಮ್ ಎಂದು ಹೆಸರು. ಅಮೆರಿಕದ ಒಂದು ವ್ಯಂಗ್ಯಚಿತ್ರ ಧಾರಾವಾಹಿಯಲ್ಲಿ ಬರುವ ಪಾನೀಯದ ಹೆಸರೂ ಅದೇ. ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ೨೦೦೨ರ ಸುಮಾರಿಗೆ ರೂಪುಗೊಂಡ ಈ ತಂತ್ರಾಂಶ ಇಂದು ಜಗತ್ತಿನ ಅತಿ ದೊಡ್ಡ ಗಣಕಗಳಲ್ಲಿ ಅನೇಕವನ್ನು ಆಳುತ್ತಿದೆ. ಇದಕ್ಕೆ ಬೆಲೆ ಕೊಡಬೇಕಾಗಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ವಿದ್ಯಾರ್ಥಿಯು ಒಂದು ಚೀಟಿಯಲ್ಲಿ ತನಗೆ ಇಷ್ಟು ಗಣಕ ಬೇಕು, ಇಷ್ಟು ಸ್ಮೃತಿ ಬೇಕು, ಇಷ್ಟು ಹೊತ್ತು ಬೇಕು ಎಂದು ಬರೆದು ಒಪ್ಪಿಸಿ ಮನೆಗೆ ಹೋಗಬಹುದು. ಮುಖ್ಯ ಗಣಕದಲ್ಲಿ ಕುಳಿತ ನಿಯಂತ್ರಕವು ಸರದಿ ಬಂದಾಗ ಕೆಲಸವನ್ನು ಹಚ್ಚುತ್ತದೆ. ಉಳಿದ ಒಂದೊಂದು ಗಣಕದಲ್ಲಿಯೂ ಅದರ ಆಜ್ಞೆಗೆ ಕಾದಿರುವ ಒಬ್ಬೊಬ್ಬ ಆಳು. ದೊಡ್ಡ ಕೆಲಸಕ್ಕೆ ಜಾಗ ಕಾಯ್ದಿರಿಸಿ, ಆ ಬಿಡುವಿನಲ್ಲಿ ಸಣ್ಣ ಕೆಲಸಗಳನ್ನು ಮುಗಿಸಿಕೊಳ್ಳುವ ಸಾಬರ ಜಾಣತನವೂ ಅದಕ್ಕೆ ಗೊತ್ತು. ಆದರೆ ಚೀಟಿಯಲ್ಲಿ ಬರೆದ ಹೊತ್ತು ಮೀರಿದರೆ ಕೆಲಸವನ್ನು ಅಲ್ಲಿಗೇ ಕಡಿದುಹಾಕುತ್ತದೆ. ಆ ನಿಷ್ಠುರತೆ ಮಾತ್ರ ಸಾಬರಲ್ಲಿರಲಿಲ್ಲ.

ಇಷ್ಟು ಜಾಣನನ್ನು ಕೆಲಸಕ್ಕೆ ಕೂರಿಸುವುದು ಸುಲಭವೆಂದುಕೊಂಡಿದ್ದೆ. ನಮ್ಮ ತಾಂತ್ರಿಕ ಸಹಾಯಕನಾದ ತರುಣನೂ ನಾನೂ ಜುಲೈ ತಿಂಗಳನ್ನೆಲ್ಲ ಆ ತಣ್ಣನೆಯ ಕೊಠಡಿಯಲ್ಲಿ ಕಂಬಳಿ ಹೊದ್ದು ಕಳೆದೆವು.

ಮೊದಲ ವಿಘ್ನ ಬಂದುದು ಬೀಗದ ಕೈಯಿಂದ. ನಿಯಂತ್ರಕನಿಗೂ ಆಳುಗಳಿಗೂ ಪರಸ್ಪರ ನಂಬಿಕೆ ಹುಟ್ಟಿಸಲು ಮಂಜ್ ಎಂಬ ಸಹಾಯಕ ತಂತ್ರಾಂಶವೊಂದಿದೆ. ಎಲ್ಲ ಗಣಕಗಳಲ್ಲಿಯೂ ಒಂದೇ ಗುಟ್ಟಿನ ಕಡತವಿರಬೇಕು. ಅದನ್ನು ಕಂಡವರೆಲ್ಲ ಓದುವಂತಿದ್ದರೆ ಮಂಜ್ ಮುನಿಸಿಕೊಂಡು ಏಳುವುದೇ ಇಲ್ಲ. ನಾನು ಅವಸರದಲ್ಲಿ ನಕಲು ಮಾಡಿದ ಕಡತಗಳು ಹಾಗೆಯೇ ಬಾಗಿಲು ತೆರೆದುಕೊಂಡಿದ್ದುವು. ಅದನ್ನು ಸರಿಪಡಿಸಿದ ಮೇಲೂ ಹದಿನಾಲ್ಕನೆಯ ಗಣಕ ಮಾತ್ರ ಯಾವ ಕರೆಗೂ ಓಗೊಡಲಿಲ್ಲ. ಎರಡು ದಿನ ತಂತಿ ಬದಲಾಯಿಸಿದೆವು, ವ್ಯವಸ್ಥೆಯನ್ನೇ ಹೊಸದಾಗಿ ಹಾಕಿದೆವು. ಕೊನೆಗೆ ಆ ಹುಡುಗ, "ಸಾರ್, ಇದರ ಗಡಿಯಾರ ನೋಡಿ" ಎಂದ. ಒಳಗಿನ ಪುಟ್ಟ ಬ್ಯಾಟರಿ ಸತ್ತು, ಆ ಗಣಕ ಇನ್ನೂ ೨೦೧೫ರ ಜನವರಿಯಲ್ಲಿಯೇ ಬಾಳುತ್ತಿತ್ತು! ಮಂಜ್ ಕೊಡುವ ಗುರುತಿನ ಚೀಟಿಗೆ ಸಾಮಾನ್ಯವಾಗಿ ಐದು ನಿಮಿಷ ಮಾತ್ರ ಆಯುಸ್ಸು. ಒಂಬತ್ತು ವರ್ಷ ಹಿಂದುಳಿದವನ ಚೀಟಿಯನ್ನು ಯಾರು ಒಪ್ಪಿಯಾರು? ಜಾಲದಿಂದ ಸಮಯ ತಿಳಿದುಕೊಳ್ಳುವ ಸೇವೆಯನ್ನು ಆ ಒಂದರಲ್ಲಿ ಚಾಲೂ ಮಾಡಲು ಮರೆತಿದ್ದವನು ನಾನೇ.

ಎರಡನೆಯ ವಿಘ್ನ ನನ್ನ ಲೆಕ್ಕದ ಜಂಬದಿಂದ ಬಂದಿತು. ಒಂದೊಂದು ಗಣಕದಲ್ಲಿಯೂ ಎಷ್ಟು ಸ್ಮೃತಿಯಿದೆ ಎಂದು ಪಟ್ಟಿಯಲ್ಲಿ ನಮೂದಿಸಬೇಕು. ಪೆಟ್ಟಿಗೆಯ ಮೇಲೆ ೧೨೮ ಗಿಗಾಬೈಟ್ ಎಂದಿತ್ತು. ನಾನು ೧೦೨೪ರಿಂದ ಗುಣಿಸಿ ೧,೩೧,೦೭೨ ಮೆಗಾಬೈಟ್ ಎಂದು ಬರೆದೆ. ಗುಣಾಕಾರ ಸರಿ, ವ್ಯವಹಾರ ತಪ್ಪು. ಕಾರ್ಯವ್ಯವಸ್ಥೆಯು ತನ್ನ ಊಟಕ್ಕೆಂದು ಅದರಲ್ಲಿ ಸ್ವಲ್ಪವನ್ನು ಮೊದಲೇ ಎತ್ತಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಇರುವುದಕ್ಕಿಂತ ಕೈಯಲ್ಲಿ ಇರುವುದು ಕಡಮೆಯಾದ ಕೂಡಲೆ ಸ್ಲರ್ಮ್ ಅಂಥ ಗಣಕವನ್ನು ಪಂಕ್ತಿಯಿಂದ ಎಬ್ಬಿಸಿ ಕೂರಿಸುತ್ತದೆ. ಒಂದೇ ಬೆಳಗ್ಗೆ ಮೂವತ್ತೆರಡೂ ಗಣಕಗಳು ಹೊರಗೆ ಕುಳಿತುವು. ಆಳನ್ನೇ ಕೇಳಿದರೆ ತನ್ನ ಬಳಿ ನಿಜವಾಗಿ ಎಷ್ಟಿದೆಯೆಂದು ಹೇಳುತ್ತಾನೆ. ಅದಕ್ಕೆಂದೇ ಒಂದು ಆಜ್ಞೆಯಿದೆ. ನಾವು ಪೆಟ್ಟಿಗೆಯನ್ನು ಕೇಳಿದೆವು, ಆಳನ್ನು ಕೇಳಲಿಲ್ಲ.

ಅಂತೂ ಆಗಸ್ಟ್ ೪ರ ರಾತ್ರಿ ಮೂವತ್ತೆರಡು ಗಣಕಗಳಿಗೂ ಒಂದು ಸಣ್ಣ ಕೆಲಸ ಹಚ್ಚಿದೆವು: ನಿನ್ನ ಹೆಸರೇನು? ಇಷ್ಟೇ ಪ್ರಶ್ನೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂವತ್ತೆರಡು ಹೆಸರುಗಳು ತೆರೆಯ ಮೇಲೆ ಸಾಲಾಗಿ ನಿಂತುವು. ಶಾಲೆಯ ಹಾಜರಿಯಲ್ಲಿ ಒಂದು ಮಗುವೂ ತಪ್ಪಿಸಿಕೊಳ್ಳದ ದಿನ ಉಪಾಧ್ಯಾಯನಿಗೆ ಆಗುವಂಥ ಸಂತೋಷ ನಮಗಾಯಿತು. ಹುಡುಗ ಹೊರಗೆ ಓಡಿಹೋಗಿ ಎರಡು ಲೋಟ ಚಹಾ ತಂದ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ.

ಮರುದಿನ ಬಾಗಿಲು ತೆರೆದೊಡನೆ ಕೆಲಸ ಒಪ್ಪಿಸಿದವರಲ್ಲಿ ಒಬ್ಬ ಸಂಶೋಧನ ವಿದ್ಯಾರ್ಥಿನಿ ಇದ್ದಳು. ಪಶ್ಚಿಮ ಘಟ್ಟದ ಮಳೆಯ ವಿಷಯ ಅವಳ ಅಧ್ಯಯನ. ಅವಳ ಕೊನೆಯ ಲೆಕ್ಕಕ್ಕೆ ಎಂಟು ಗಣಕಗಳು ಒಟ್ಟಿಗೆ ನಾಲ್ಕು ದಿನ ಬೇಕು. ಪ್ರಬಂಧ ಒಪ್ಪಿಸಲು ಆಗಸ್ಟ್ ೩೧ ಕಡೆಯ ದಿನ. ತಪ್ಪಿದರೆ ಶಿಷ್ಯವೇತನವಿಲ್ಲದೆ ಇನ್ನೂ ಆರು ತಿಂಗಳು. ತಂದೆಯಿಲ್ಲದ ಮನೆ, ಅವಳ ಸಂಪಾದನೆಯನ್ನೇ ನೆಚ್ಚಿದ ತಾಯಿ ಮತ್ತು ತಮ್ಮ. ಇದೆಲ್ಲ ನನಗೆ ತಿಳಿದಿತ್ತು. ನಾನು ಹದಿನೈದು ದಿನವೆಂದು ಹೇಳಿ ತಿಂಗಳು ಮಾಡಿದಾಗಲೂ ಅವಳು ಒಂದು ಮಾತು ಆಡಿರಲಿಲ್ಲ.

ಆಗಸ್ಟ್ ೧೩ರಂದು ಸಂಜೆ ಒಂದು ಹಾಳೆ ಹಿಡಿದು ನನ್ನ ಕೊಠಡಿಯ ಬಾಗಿಲಲ್ಲಿ ನಿಂತಳು.

"ಏನಮ್ಮ, ಬಾ, ಕುಳಿತುಕೊ. ಮಳೆ ಎಲ್ಲಿಗೆ ಬಂತು?" ಎಂದೆ.

"ಇನ್ನೂ ಶುರುವೇ ಆಗಿಲ್ಲ, ಸಾರ್."

"ಸ್ವಲ್ಪ ತಾಳ್ಮೆ ಬೇಕಮ್ಮ. ಎಲ್ಲರೂ ಒಟ್ಟಿಗೆ ಬಂದು ಬಿದ್ದಿದ್ದಾರೆ."

ಅವಳು ಕುಳಿತುಕೊಳ್ಳಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಒಂದು ಅಂಕಣದ ಮೇಲೆ ಬೆರಳಿಟ್ಟು, "ಸಾರ್, ಈ ಅಂಕೆ ಏನೆಂದು ನನಗೆ ಅರ್ಥವಾಗಲಿಲ್ಲ" ಎಂದಳು.

ಕಾದಿರುವ ಒಂದೊಂದು ಕೆಲಸಕ್ಕೂ ಯಾವ ಕಾರಣಕ್ಕೆ ಎಷ್ಟು ಅಂಕ ಸಂದಿದೆಯೆಂಬುದನ್ನು ಬಿಡಿಸಿ ತೋರಿಸುವ ಆಜ್ಞೆಯೊಂದು ಸ್ಲರ್ಮ್‌ನಲ್ಲಿದೆ. ಸಾಮಾನ್ಯ ವಿದ್ಯಾರ್ಥಿಯೂ ಅದನ್ನು ಕೇಳಿ ತಿಳಿಯಬಹುದು. ಕಾದ ದಿನಗಳಿಗೆ ಇಷ್ಟು ಅಂಕ, ಕೇಳಿದ ಪ್ರಮಾಣಕ್ಕೆ ಇಷ್ಟು, ಖಾತೆಯ ಅಂತಸ್ತಿಗೆ ಇಷ್ಟು. ಕಾದದ್ದಕ್ಕೆ ದೊರೆಯುವ ಅಂಕ ದಿನದಿನಕ್ಕೆ ಏರಿ, ಏಳು ದಿನ ತುಂಬಿದಾಗ ಸಾವಿರಕ್ಕೆ ನಿಲ್ಲುತ್ತದೆ. ಹಾಗೆಂದು ಪಟ್ಟಿಯಲ್ಲಿ ಬರೆದವನು ನಾನು. ಅವಳ ಹೆಸರಿನ ಮುಂದೆ ಆ ಸಾವಿರ ನಿಂತಿತ್ತು. ಅವಳಿಗಿಂತ ಮೇಲೆ ಐದಾರು ಕೆಲಸಗಳು, ಹಿಂದಿನ ದಿನವೋ ಅಂದೇ ಬೆಳಗ್ಗೆಯೋ ಬಂದಂಥವು. ಅವಕ್ಕೆ ಅಂತಸ್ತಿನ ಅಂಕಣದಲ್ಲಿ ಹುಟ್ಟುತ್ತಲೇ ಹತ್ತು ಸಾವಿರ. ಏಳು ದಿನವಲ್ಲ, ಏಳು ವರ್ಷ ಕಾದರೂ ಅವಳ ಸಾವಿರ ಆ ಹತ್ತು ಸಾವಿರವನ್ನು ಮುಟ್ಟಲಾರದು.

ಆ ಕೆಲಸಗಳು ಯಾರವು? ನನ್ನ ಗುಂಪಿನವು.

ನೆನಪು ಮಾಡಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ೨೦೧೭ರಲ್ಲಿ ಒಂದು ಯೋಜನೆಯ ವರದಿಯನ್ನು ತುರ್ತಾಗಿ ಕಳುಹಿಸಬೇಕಾಗಿತ್ತು. "ಹದಿನೈದು ದಿನದ ಮಟ್ಟಿಗೆ ನಿಮ್ಮ ಕೆಲಸವನ್ನು ಮುಂದೆ ಮಾಡಿಕೊಳ್ಳಿ" ಎಂದು ಆಗಿನ ಮುಖ್ಯಸ್ಥರು ಹೇಳಿದ್ದರು. ಹಳೆಯ ತಂತ್ರಾಂಶದ ಪಟ್ಟಿಯಲ್ಲಿ ನನ್ನ ಖಾತೆಗೆ ಒಂದು ಸಾಲು ಸೇರಿಸಿದೆ. ಹದಿನೈದು ದಿನ ಮುಗಿದುವು, ವರದಿ ಹೋಯಿತು, ಸಾಲು ಉಳಿಯಿತು. ಮರೆತೆನೆಂದರೆ ಅರ್ಧ ಸತ್ಯ. ನಮ್ಮ ಕೆಲಸಗಳು ಎಂದೂ ತಡವಾಗುವುದಿಲ್ಲವೆಂಬುದು ನನಗೆ ಕಾಣುತ್ತಿತ್ತು; ಏಕೆಂದು ನಾನು ಕೇಳಿಕೊಳ್ಳಲಿಲ್ಲ. ಈಗ ಹಳೆಯ ಪಟ್ಟಿಯನ್ನು ಹೊಸದಕ್ಕೆ ಇಳಿಸುವಾಗ, ಒಂದು ಸಾಲೂ ತಪ್ಪಬಾರದೆಂಬ ಶ್ರದ್ಧೆಯಿಂದ, ಆ ಸಾಲನ್ನೂ ಅದೇ ಪ್ರಮಾಣದಲ್ಲಿ ನನ್ನ ಕೈಯಾರ ಬರೆದಿದ್ದೆ. ಹಳೆಯದರಲ್ಲಿ ಅದು ನನ್ನೊಬ್ಬನಿಗೆ ಕಾಣುವ ಮೂಲೆಯಲ್ಲಿತ್ತು. ಹೊಸದು ಅದನ್ನು ಬೀದಿಗೆ ತಂದಿತು.

ಅವ್ವನ ಮಾತು ಆಗ ನೆನಪಾಯಿತು. ಚೀಲಕ್ಕೆ ಕಾಲು ಬಂದಿತ್ತು, ಚೀಲ ನನ್ನದಾಗಿತ್ತು. ಗಿರಣಿಯ ಒಡೆತನವೂ ನನ್ನದೇ ಆದ್ದರಿಂದ, ಸಾಬರಿಗಿದ್ದ ಅಸಹಾಯಕತೆಯ ನೆಪವೂ ನನಗಿರಲಿಲ್ಲ.

ತಪ್ಪನ್ನು ಒಪ್ಪಿಕೊಂಡೆ. ಒಪ್ಪಿಕೊಂಡವನು ಅಲ್ಲಿಗೆ ನಿಲ್ಲದೆ ಇನ್ನೊಂದು ತಪ್ಪಿಗೆ ಕೈಹಾಕಿದೆ. "ಈಗಲೇ ನಿನ್ನ ಕೆಲಸವನ್ನು ಎಲ್ಲಕ್ಕಿಂತ ಮೇಲಕ್ಕೆ ತಂದುಬಿಡುತ್ತೇನೆ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬೇಡ ಸಾರ್. ರಸಾಯನಶಾಸ್ತ್ರದವರೊಬ್ಬರು ನನಗಿಂತ ಮುಂಚೆ ಒಪ್ಪಿಸಿದ್ದಾರೆ. ಆ ಸಾಲನ್ನು ತೆಗೆದುಬಿಡಿ, ಸಾಕು. ಅವರದಾದ ಮೇಲೆ ನನ್ನದು" ಎಂದಳು. ಹಾಳೆಯನ್ನು ಮಡಿಸಿಕೊಂಡು ಹೊರಟುಹೋದಳು. ಆ ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಾಲನ್ನು ತೆಗೆದೆ. ಪಟ್ಟಿಯನ್ನು ಮತ್ತೆ ಓದಿಸಲು ನಿಯಂತ್ರಕನಿಗೆ ಒಂದು ಆಜ್ಞೆ. ಅರ್ಧ ನಿಮಿಷದ ಕೆಲಸ. ಏಳು ವರ್ಷಗಳ ಅನ್ಯಾಯವನ್ನು ಅಳಿಸಲು ಅರ್ಧ ನಿಮಿಷ ಸಾಕಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಮರುದಿನ ವಿಭಾಗದ ಸಭೆಯಲ್ಲಿ ನಡೆದುದನ್ನು ನಡೆದಂತೆಯೇ ಹೇಳಿದೆ. ಹಿರಿಯ ಸಹೋದ್ಯೋಗಿಯೊಬ್ಬರು, "ತೆಗೆದ ಮೇಲೆ ಆಯಿತಲ್ಲ, ಇದನ್ನು ಡಂಗುರ ಹೊಡೆಯುವ ಅಗತ್ಯವೇನಿತ್ತು?" ಎಂದು ನಕ್ಕರು. ನಗುವ ಮಾತಾಗಿರಬಹುದು. ಆದರೆ ಸದ್ದಿಲ್ಲದೆ ತೆಗೆದ ಸಾಲನ್ನು ಸದ್ದಿಲ್ಲದೆ ಮತ್ತೆ ಸೇರಿಸುವುದೂ ಸುಲಭ.

ರಸಾಯನಶಾಸ್ತ್ರದವರ ಕೆಲಸ ಅಂದೇ ಹಿಡಿಯಿತು. ನಮ್ಮ ಗುಂಪಿನ ಕೆಲಸಗಳು ಮುಗಿಯುತ್ತ ಬಂದಂತೆ ಒಂದೊಂದೇ ಗಣಕ ಅವಳಿಗಾಗಿ ಕೂಡಿಕೊಂಡು, ಆಗಸ್ಟ್ ೧೬ರ ಬೆಳಗಿನ ಜಾವ ಮಳೆಯ ಲೆಕ್ಕ ಮೊದಲಾಯಿತು. ಆ ನಾಲ್ಕು ದಿನ ನಾನು ಎಷ್ಟು ಸಲ ಆ ಕೊಠಡಿಯ ಬಾಗಿಲು ತೆರೆದೆನೋ ಲೆಕ್ಕವಿಲ್ಲ. ಹೊರಗೆ ಆಗಸ್ಟ್ ತಿಂಗಳ ನಿಜವಾದ ಮಳೆ ಹೊಯ್ಯುತ್ತಿತ್ತು. ಎರಡು ಸಲ ವಿದ್ಯುತ್ತು ಹೋಗಿ, ಬ್ಯಾಟರಿಗಳು ಆ ಹೊತ್ತನ್ನು ತಡೆದುಕೊಂಡುವು. ಇಪ್ಪತ್ತರಂದು ತೆರೆಯ ಮೇಲೆ, ಕೆಲಸ ಸಂಪೂರ್ಣ, ನಿರ್ಗಮದ ಅಂಕೆ ಸೊನ್ನೆ, ಎಂದು ಬಂದಿತು. ನಮ್ಮ ಪರೀಕ್ಷೆಗಳಲ್ಲಿ ಸೊನ್ನೆ ಬಂದರೆ ಮುಖ ಮುಚ್ಚಿಕೊಳ್ಳಬೇಕು. ಗಣಕಗಳ ಲೋಕದಲ್ಲಿ ಸೊನ್ನೆಯೇ ಜಯ. ಅವಳು ಮೂವತ್ತರಂದು, ಒಂದು ದಿನ ಮುಂಚಿತವಾಗಿಯೇ, ಪ್ರಬಂಧವನ್ನು ಒಪ್ಪಿಸಿದಳು. ನನ್ನ ಗುಂಪಿನ ಒಂದು ಲೇಖನ ಆ ವರ್ಷದ ಸಮ್ಮೇಳನಕ್ಕೆ ಹೋಗಲಿಲ್ಲ. ಸರದಿ ಬರಲಿಲ್ಲ.

ಆದರೂ ಒಂದು ಲೆಕ್ಕ ಇನ್ನೂ ಬಾಕಿಯಿದೆ. ೨೦೧೯ರಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಕೆಲಸ ಮುಂದೆ ಸರಿಯುವುದೇ ಇಲ್ಲವೆಂದು ಎರಡು ಮೂರು ಸಲ ನನ್ನ ಬಳಿ ಬಂದಿದ್ದ. ಅವನಿಗೂ ತಾಳ್ಮೆಯನ್ನೇ ಉಪದೇಶಿಸಿದ್ದೆ. ಅವನು ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಹೋದ. ಅದಕ್ಕೆ ಆ ಸಾಲೇ ಕಾರಣವಾಗಿತ್ತೆ, ಬೇರೆ ಕಾರಣಗಳಿದ್ದುವೆ, ಈಗ ಹೇಳುವುದಕ್ಕಾಗದು. ಹಳೆಯ ದಾಖಲೆಗಳು ಹಳೆಯ ವ್ಯವಸ್ಥೆಯೊಡನೆಯೇ ಹೋದುವು. ವಿಳಾಸ ಹುಡುಕಿ ಅವನಿಗೊಂದು ಕಾಗದ ಬರೆದೆ. ಉತ್ತರ ಬಂದಿಲ್ಲ. ಬರಲೇಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಈಗ ಪ್ರತಿ ಸೋಮವಾರ ಬೆಳಗ್ಗೆ ಸರದಿಯ ಪಟ್ಟಿಯನ್ನು, ಅಂಕಣಗಳೆಲ್ಲ ಕಾಣುವಂತೆ ಅಚ್ಚು ಹಾಕಿಸಿ, ಕೊಠಡಿಯ ಹೊರಗಿನ ಹಲಗೆಗೆ ಅಂಟಿಸುತ್ತೇನೆ. ಅದನ್ನು ನಿಂತು ಓದುವ ಹುಡುಗರನ್ನು ಕಂಡಾಗ ನನಗೆ ಸಾಬರ ನೆನಪಾಗುತ್ತದೆ. ಅಂದು ಅವರು ಚೀಲದ ಬಾಯಿ ಬಿಚ್ಚುವ ಮುನ್ನ ನನ್ನನ್ನು ಒಮ್ಮೆ ನೋಡಿದ್ದರಲ್ಲ, ಆ ನೋಟ ಏನೆಂದು ಬಹಳ ದಿನ ನನಗೆ ತಿಳಿದಿರಲಿಲ್ಲ. ಸಾಲು ಕಾಯುವವನಿಗೆ ಸಾಲು ತಪ್ಪಿದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರು ನನ್ನ ಮುಖವನ್ನಾದರೂ ನೋಡಿದರು. ನಾನು ಏಳು ವರ್ಷ ಯಾರ ಮುಖವನ್ನೂ ನೋಡಿರಲಿಲ್ಲ.